ಎಂಟನೇ ಡಬ್ಬಿ

3 ಫೆಬ್ರವರಿ 2003

ಪ್ರೀತಿಯ ತಮ್ಮನಿಗೆ,

ಮೊಣಕಾಲೊಂದು ಬಿಟ್ಟು ನನ್ನದೆಲ್ಲ ನಡೆಯುತ್ತಿದೆ. ನೀನು ಫೋನು ಮಾಡಿದ್ದೆಯೆಂದು ಪಕ್ಕದ ಮನೆಯವಳು ಬಂದು ಹೇಳಿದಳು. ನನ್ನ ಕಿವಿಗೆ ಫೋನು ಹಿಡಿಯುವುದೂ ಗೋಡೆಗೆ ಹಿಡಿಯುವುದೂ ಈಗ ಒಂದೇ. ಹೇಳುವುದಿದ್ದರೆ ಕಾಗದ ಬರಿ.

ಸುದ್ದಿ ಇದೆ. ನಮ್ಮ ಟಾಕೀಸು ಅಂಗಡಿಯಾಗುತ್ತಿದೆ. ಬಾಗಿಲು ಮುಚ್ಚಿದ ಮೇಲೆ ನಾಲ್ಕು ವರ್ಷ ಒಳಗೆ ಟೈರು ತುಂಬಿಟ್ಟಿದ್ದರಲ್ಲ, ಅದನ್ನೆಲ್ಲ ಖಾಲಿ ಮಾಡಿಸಿ ಬಟ್ಟೆ, ಮನೆಸಾಮಾನು ಮಾರುವ ಕಂಪನಿಯೊಂದು ತೆಗೆದುಕೊಂಡಿದೆ. ಪರದೆ ಇದ್ದ ಕಡೆ ಹಾಸಿಗೆ ಹೊದಿಕೆ. ಮುಂದಿನ ಬೆಂಚುಗಳಿದ್ದ ಕಡೆ ಪಾತ್ರೆ, ಬಕೆಟ್ಟು. ಬಾಲ್ಕನಿಯಲ್ಲಿ ಮಕ್ಕಳ ಬಟ್ಟೆ. ನೀನು ಮೂವತ್ತು ವರ್ಷ ಬೆವರು ಸುರಿಸಿದ ಪ್ರೊಜೆಕ್ಟರ್ ಕ್ಯಾಬಿನ್ನಿನಲ್ಲಿ ಇನ್ನು ಮೇಲೆ ಜನ ಅಂಗಿ ಹಾಕಿಕೊಂಡು ನೋಡುತ್ತಾರೆ. ಬೆಳಕು ಹೊರಡುತ್ತಿದ್ದ ಎರಡು ಕಿಂಡಿಗಳನ್ನು ಮುಚ್ಚಿ ಕನ್ನಡಿ ಕೂರಿಸಿದ್ದಾರೆ.

ನಗಬೇಡ, ನನಗೂ ಕೆಲಸ ಸಿಕ್ಕಿದೆ. ಟಿಕೆಟ್ ಕಿಂಡಿಯನ್ನು ಮಾತ್ರ ಹಾಗೇ ಉಳಿಸಿಕೊಂಡಿದ್ದಾರೆ. ಹಿಂದೆ ಕೂತಿದ್ದವಳೇ ಅದರೊಳಗೆ ಕೂತರೆ ಗಿರಾಕಿಗಳಿಗೆ ಚೆಂದ ಕಾಣುತ್ತದಂತೆ. ಬಂದವರ ಚೀಲ ತೆಗೆದಿಟ್ಟುಕೊಂಡು ಟೋಕನ್ ಕೊಡಬೇಕು. "ಅಜ್ಜಿ, ಈ ಅಂಗಡೀಲಿ ಮಾರಾಟಕ್ಕಿಲ್ಲದ ಐಟಂ ಅಂದ್ರೆ ನೀವೊಬ್ರೇ" ಎಂದು ಮ್ಯಾನೇಜರ್ ನಕ್ಕ. ಅರವತ್ತನೇ ವಯಸ್ಸಿನಲ್ಲಿ ಇಷ್ಟಾದರೂ ಬೆಲೆ ಬಂತಲ್ಲ ಎಂದುಕೊಂಡೆ.

ಈಗ ನಿನ್ನಿಂದ ಆಗಬೇಕಾದ ಕೆಲಸ. ಒಳಗೆ ಕಾಲಿಟ್ಟ ಕೂಡಲೇ ಕಾಣುವ ಗೋಡೆಯ ಮೇಲೆ ಟಾಕೀಸಿನ ಚರಿತ್ರೆ ಬರೆಸುತ್ತಾರೆ, ಫೋಟೋ ಸಮೇತ. "ಒಳಗಿನ ವಿಷಯ ಗೊತ್ತಿರೋರು ಯಾರಾದ್ರೂ ಉಳಿದಿದ್ದಾರಾ?" ಎಂದು ಮ್ಯಾನೇಜರ್ ಕೇಳಿದ. ಮಾಲೀಕರು ಇಲ್ಲ, ಗೇಟಿನವನು ಇಲ್ಲ, ನಿನ್ನ ಭಾವ ಹೋಗಿ ಆರು ವರ್ಷವಾಯಿತು. ನಾನು ಕಿಂಡಿಯಲ್ಲಿ ಕೂತು ಜನರ ಕೈ ಮಾತ್ರ ನೋಡಿದವಳು. ಆಪರೇಟರ್ ನನ್ನ ತಮ್ಮನೇ, ಅವನು ಬರೆಯುತ್ತಾನೆ ಎಂದು ಹೇಳಿಬಿಟ್ಟಿದ್ದೇನೆ.

ಎಲ್ಲ ಬರಿ. ಆ ಮ್ಯಾಟಿನಿಯ ದಿನದ್ದನ್ನೂ ಬರಿ. ಒಂದೇ ಪ್ರಿಂಟು ಎರಡು ಟಾಕೀಸಿಗೆ ಓಡುತ್ತಿದ್ದದ್ದು, ಸೇತುವೆಯಾಚೆಯ ಟಾಕೀಸಿನಲ್ಲಿ ಮುಗಿದ ರೀಲನ್ನು ನಿನ್ನ ಭಾವ ಡಬ್ಬಿಯಲ್ಲಿ ಹಾಕಿಕೊಂಡು ಸೈಕಲ್ ತುಳಿದು ತರುತ್ತಿದ್ದದ್ದು, ಆ ದಿನ ಎಂಟನೇ ಡಬ್ಬಿಯ ರೀಲು ತಲೆಕೆಳಗಾಗಿ ಓಡಿದ್ದು, ಜನ ರೊಚ್ಚಿಗೆದ್ದದ್ದು, ಮಾಲೀಕರು ನಿನ್ನ ಭಾವನನ್ನು ಪರದೆಯ ಮುಂದೆ ನಿಲ್ಲಿಸಿ ಕ್ಷಮೆ ಕೇಳಿಸಿದ್ದು, ಸೋಡಾ ಬಾಟಲಿ ಬಂದು ಎಡಗಣ್ಣು ಹೋದದ್ದು. ಕುಡಿದುಕೊಂಡು ಡಬ್ಬಿ ತಂದ ಎಂದು ಊರು ಈಗಲೂ ಹೇಳುತ್ತದೆ. ಕ್ಯಾಬಿನ್ನಿನೊಳಗೆ ಇದ್ದವನು ನೀನೊಬ್ಬನೇ. ನಡೆದದ್ದನ್ನು ನಡೆದಂತೆ ಬರಿ ತಮ್ಮಾ. ಆ ಗೋಡೆಯ ಮೇಲೆ ನನಗೆ ಬೇಕಾದದ್ದು ಅದೊಂದೇ.

ಕ್ಯಾಬಿನ್ ಖಾಲಿ ಮಾಡುವಾಗ ಕಬ್ಬಿಣದ ಪೆಟ್ಟಿಗೆಯೊಂದು ಸಿಕ್ಕಿತು. ಫಿಲಂ ಅಂಟಿಸುವ ಮಷೀನು, ಪ್ರೊಜೆಕ್ಟರ್ ದೀಪದ ಕಾರ್ಬನ್ ಕಡ್ಡಿಯ ತುಂಡು, ನಿನ್ನ ಒಡೆದ ಕನ್ನಡಕ, ಒಂದಷ್ಟು ಹಳೇ ಪುಸ್ತಕ. ಕನ್ನಡಕ ಕಳಿಸಲೇ?

ಅಕ್ಕ


16 ಫೆಬ್ರವರಿ 2003

ಪ್ರೀತಿಯ ಅಕ್ಕನಿಗೆ ಆಪರೇಟರ್ ಸಾಹೇಬರ ನಮಸ್ಕಾರ,

ನಿನ್ನ ಕಾಗದವನ್ನು ಕೈಗೆ ಕೊಡುತ್ತಾ ಸೊಸೆ, "ಇನ್ನೂ ಕಾಗದ ಬರೆಯೋರು ಇದ್ದಾರಾ ಮಾವ?" ಎಂದಳು. "ನಮ್ಮಕ್ಕನ ಪಾಲಿಗೆ ಇನ್ನೂ ಇಂಟರ್ವಲ್ಲೇ ಆಗಿಲ್ಲಮ್ಮ" ಎಂದೆ.

ಗೋಡೆಯ ವಿಷಯ ಓದಿದಾಗಿನಿಂದ ಕಾಲು ನೆಲದ ಮೇಲಿಲ್ಲ. ಅಕ್ಷರ ಎಷ್ಟು ದೊಡ್ಡದಿರುತ್ತದೆ? ಬಾಗಿಲಿನಿಂದಲೇ ಓದುವ ಹಾಗಿರುತ್ತದೆಯೇ? ನನ್ನ ಫೋಟೋ ಹಾಕುತ್ತಾರೆಯೇ? ಇಲ್ಲಿ ನನ್ನ ಕಥೆ ನಿನಗೆ ಗೊತ್ತಿಲ್ಲ. ಮಗ ಹೆಡ್‌ಮಾಸ್ಟರು. ಮನೆಗೆ ಬಂದವರಿಗೆ "ನಮ್ಮಪ್ಪ, ರಿಟೈರ್ಡ್" ಎಂದು ಹೇಳಿ ಮಾತು ತಿರುಗಿಸುತ್ತಾನೆ. ಯಾವುದರಿಂದ ರಿಟೈರ್ಡ್ ಎಂದು ಕೇಳಲು ಬಿಡುವುದಿಲ್ಲ. ಮೊಮ್ಮಗಳೊಬ್ಬಳು ಕೇಳುತ್ತಾಳೆ. ವಯಸ್ಸು ಎಂಟು, ನಾಲಿಗೆಗೆ ಎಂಬತ್ತು. "ತಾತ, ನೀನು ಸಿನಿಮಾ ಒಳಗಿದ್ಯಾ ಹೊರಗಿದ್ಯಾ?" ಎನ್ನುತ್ತಾಳೆ. ಅವಳ ಕೈ ಹಿಡಿದುಕೊಂಡು ಬಂದು ಆ ಗೋಡೆಯ ಮುಂದೆ ನಿಲ್ಲಬೇಕು ಅಕ್ಕ. ಅಷ್ಟಾದರೆ ಸಾಕು ನನಗೆ.

ಆದರೆ ಆ ಮ್ಯಾಟಿನಿಯ ಸಂಗತಿ ಈಗ ಯಾಕೆ? ಇಪ್ಪತ್ತನಾಲ್ಕು ವರ್ಷ ಆಯಿತು. ಪಾಪ, ಭಾವನೂ ಹೋದರು. ಕೆದಕಿದರೆ ಯಾರ ಮಾನ ಹೋಗುತ್ತದೆ ಹೇಳು? ಆ ದಿನ ಮಾಲೀಕರು ಕೇಳಿದರೆಂದು ಒಂದು ಮಾತು ಹೇಳಿದ್ದೆ, ಅಷ್ಟೆ. ಆಮೇಲೆ ಭಾವನ ಮೇಲಿನ ಗೌರವದಿಂದ ಎಲ್ಲೂ ಬಾಯಿ ಬಿಟ್ಟವನಲ್ಲ.

ಅಂದ ಹಾಗೆ, ಆ ಪೆಟ್ಟಿಗೆಯಲ್ಲಿ ಹಸಿರು ರಟ್ಟಿನ ಉದ್ದನೆಯ ಪುಸ್ತಕವೊಂದು ಇತ್ತೇ? ಡಬ್ಬಿ ಬಂದ ಹೊತ್ತು, ನಂಬರು ಬರೆದಿಡುತ್ತಿದ್ದೆ. ಅಂಥಾದ್ದೇನೂ ಇಲ್ಲ ಅದರಲ್ಲಿ. ಆಗ ನನ್ನ ಅಕ್ಷರ ಮುತ್ತಿನಂತಿತ್ತು, ಮೊಮ್ಮಗಳಿಗೆ ತೋರಿಸೋಣ ಎಂದು ಕೇಳಿದೆ. ಇದ್ದರೆ ಬೇರೆ ಯಾರ ಕೈಗೂ ಕೊಡದೆ ನೇರ ನನಗೇ ಕಳಿಸು. ಕನ್ನಡಕ ಬೇಡ.

ನಿನ್ನ ತಮ್ಮ


25 ಫೆಬ್ರವರಿ 2003

ಪ್ರೀತಿಯ ತಮ್ಮನಿಗೆ,

ಹಸಿರು ಪುಸ್ತಕ ಇತ್ತು, ಆದರೆ ರಟ್ಟು ಮಾತ್ರ. ಒಳಗಿನದೆಲ್ಲ ಗೆದ್ದಲ ಪಾಲಾಗಿದೆ. ಹಾಳೆ ಬಿಡಿಸಲು ಹೋದರೆ ಪುಡಿಯಾಗಿ ಕೈಗೆ ಬಂತು. ರದ್ದಿಯವನ ಚೀಲಕ್ಕೆ ಸುರಿದೆ. ನಿನ್ನ ಮುತ್ತಿನ ಅಕ್ಷರವನ್ನು ಮೊಮ್ಮಗಳಿಗೆ ನೀನೇ ಹೊಸದಾಗಿ ಬರೆದು ತೋರಿಸು.

ಹೀಗಾಗಿ ಇನ್ನು ಮೇಲೆ ನೀನು ಬರೆದದ್ದೇ ದಾಖಲೆ. ಅದನ್ನು ಅಲ್ಲಗಳೆಯುವ ಚೂರು ಕಾಗದವೂ ಈ ಊರಿನಲ್ಲಿ ಉಳಿದಿಲ್ಲ.

ಮತ್ತೆ ಕೇಳುತ್ತಿದ್ದೇನೆ, ಆ ದಿನದ್ದನ್ನು ಬಿಡಬೇಡ. ಹದಿನೆಂಟು ವರ್ಷದ ನಿನ್ನನ್ನು ಕ್ಯಾಬಿನ್ ಮೆಟ್ಟಿಲು ಹತ್ತಿಸಿದವರು ನಿನ್ನ ಭಾವ. "ನನ್ನ ಭಾಮೈದ, ಕೈ ಚುರುಕು, ಒಂದು ತಿಂಗಳು ನೋಡಿ ಸ್ವಾಮಿ" ಎಂದು ಮಾಲೀಕರ ಮುಂದೆ ನಿಂತಿದ್ದರು. ಮದುವೆಯಾಗುವ ತನಕ ನಮ್ಮ ಮನೆಯಲ್ಲೇ ಉಂಡೆ. ಹಂಗಿಸುವುದಕ್ಕೆ ಬರೆಯುತ್ತಿಲ್ಲ. ಪೆನ್ನು ಹಿಡಿಯುವ ಮುಂಚೆ ಒಮ್ಮೆ ನೆನೆಸಿಕೋ ಎಂದು ಬರೆದೆ. ಅವರು ಕುಡಿದಿದ್ದರೆ ಕುಡಿದಿದ್ದರು ಎಂದೇ ಬರಿ. ಇಲ್ಲವೆಂದರೆ ಇಲ್ಲ ಎಂದು ಬರಿ. ಯಾವುದನ್ನು ಬರೆದರೂ ಅದೇ ಗೋಡೆಯ ಮೇಲೆ ಬರುತ್ತದೆ.

ಅಕ್ಕ


12 ಮಾರ್ಚ್ 2003

ಪ್ರೀತಿಯ ಅಕ್ಕನಿಗೆ,

ಇದೋ ಚರಿತ್ರೆ. ಐದು ಸಲ ತಿದ್ದಿ ಬರೆದಿದ್ದೇನೆ. ಮಗನಿಗೆ ಓದಲು ಕೊಟ್ಟೆ. ಕೆಂಪು ಪೆನ್ನಿನಲ್ಲಿ ಎರಡು ಗೆರೆ ಎಳೆದು "ಪರವಾಗಿಲ್ಲಪ್ಪ" ಎಂದ. ಅವನ ಬಾಯಿಂದ ಇಷ್ಟು ಬೀಳುವುದೇ ಅಪರೂಪ.

"ಈ ಕಟ್ಟಡ ಮೊದಲು ಹತ್ತಿಯ ಗೋದಾಮು. ಮಾಲೀಕರ ತಂದೆ ಒಂದು ಬಿಳಿ ಬಟ್ಟೆ ಕಟ್ಟಿ, ಮುಂದೆ ಮರದ ಬೆಂಚು ಹಾಕಿ ಟಾಕೀಸು ಎಂದು ಬೋರ್ಡು ಬರೆಸಿದರು. ತಗಡಿನ ಮಾಡು. ಮಳೆ ಬಂದರೆ ಹೀರೋ ಬಾಯಿ ಆಡಿಸುವುದಷ್ಟೇ ಕಾಣುತ್ತಿತ್ತು, ಮಾತನ್ನು ಜನರೇ ಜೋರಾಗಿ ಹೇಳಿ ಕೊಡುತ್ತಿದ್ದರು. ಪರದೆಯ ಹಿಂದೆ ಒಂದು ಬೆಕ್ಕು ಸಂಸಾರ ಹೂಡಿತ್ತು. ಎಂಥ ದುಃಖದ ದೃಶ್ಯವೇ ಇರಲಿ, ಅದು ಪರದೆಯ ಮುಂದೆ ಬಂದು ನಾಯಕಿಯ ಕೆನ್ನೆಯ ಮೇಲೆ ನೆರಳು ಹಾಯಿಸುತ್ತಿತ್ತು. ಜನ ಟಿಕೆಟ್ ತೆಗೆದುಕೊಳ್ಳುವಾಗ ಬೆಕ್ಕು ಇದೆಯೇ ಎಂದು ವಿಚಾರಿಸುತ್ತಿದ್ದರು.

"ಇಲ್ಲಿ ಮೂವತ್ತು ವರ್ಷ ಆಪರೇಟರ್ ಆಗಿದ್ದವನು ನಾನು. ಒಂದು ಮಷೀನಿನ ರೀಲು ಮುಗಿಯುವ ಕ್ಷಣಕ್ಕೆ ಇನ್ನೊಂದರ ಬೆಳಕು ಬಿಡಬೇಕು, ನೋಡುವವರಿಗೆ ಗೊತ್ತಾಗಬಾರದು. ನನ್ನ ಕಾಲದಲ್ಲಿ ಪರದೆ ಒಂದು ಸಲವೂ ಕಪ್ಪಾಗಲಿಲ್ಲ.

"ಒಂದೇ ಒಂದು ಸಲ ಫಜೀತಿ ಆದದ್ದು ಡಬ್ಬಿ ತರುವವನಿಂದ. ಒಂದು ಮಧ್ಯಾಹ್ನ ಆಸಾಮಿ ಸೇತುವೆಯಾಚೆ ಚೆನ್ನಾಗಿ ಏರಿಸಿ, ಸೈಕಲ್ಲನ್ನು ರಸ್ತೆಯ ಎರಡೂ ಬದಿಗೆ ತೋರಿಸುತ್ತಾ, ಮೋರಿಗೊಮ್ಮೆ ನಮಸ್ಕಾರ ಹಾಕಿ, ಅರ್ಧ ಗಂಟೆ ತಡವಾಗಿ ಎಂಟನೇ ಡಬ್ಬಿ ತಂದ. ಓಡಿ ಮುಗಿದ ರೀಲನ್ನು ಹಿಂದಕ್ಕೆ ಸುತ್ತದೆ ಏರಿಸಿದರೆ ಚಿತ್ರ ಉಲ್ಟಾ ಓಡುತ್ತದೆ. ಸುತ್ತಿದೆಯೇ ಎಂದರೆ ತೇಗೊಂದೇ ಉತ್ತರ. ರೀಲು ಏರಿಸಿದ್ದೇ ತಡ, ಪರದೆಯ ಮೇಲೆ ಆಸ್ಪತ್ರೆಯ ಮಂಚ ಮಾಡಿಗೆ ಅಂಟಿಕೊಂಡಿದೆ, ಹೀರೋನ ಸಾಯಬೇಕಾದ ತಮ್ಮ ತಲೆಕೆಳಗಾಗಿ ಎದ್ದು ಹಿಮ್ಮುಖವಾಗಿ ಮನೆಗೆ ಹೊರಟಿದ್ದಾನೆ! ನಾನು ಅರೆ ನಿಮಿಷದಲ್ಲಿ ಮಷೀನು ನಿಲ್ಲಿಸಿದೆ. ಆದರೂ ಜನ ಬಿಡಬೇಕಲ್ಲ. ಆಸಾಮಿಯನ್ನು ಪರದೆಯ ಮುಂದೆ ನಿಲ್ಲಿಸಿ ಕೈಗೆ ಸಿಕ್ಕಿದ್ದನ್ನೆಲ್ಲ ತೂರಿದರು. ಅಂದಿನಿಂದ ಅವನ ಹೆಸರು ಉಲ್ಟಾ ರೀಲು."

ಅಕ್ಕ, ನೀನು ಪಟ್ಟು ಹಿಡಿದೆಯೆಂದು ಬರೆದೆ. ಕಣ್ಣಿನ ವಿಷಯ ಬಿಟ್ಟಿದ್ದೇನೆ, ಬಟ್ಟೆ ಕೊಳ್ಳಲು ಬಂದವರಿಗೆ ರಕ್ತ ಯಾಕೆ? ಒಂದಿಷ್ಟು ಒಗ್ಗರಣೆ ಹಾಕಿ ನಗುವ ಹಾಗೆ ಬರೆದಿದ್ದೇನೆ. ಭಾವ ಇದ್ದಿದ್ದರೆ ಅವರೂ ನಗುತ್ತಿದ್ದರು.

ನಿನ್ನ ತಮ್ಮ


22 ಮಾರ್ಚ್ 2003

ತಮ್ಮನಿಗೆ,

ನಿನ್ನ ಬರಹ ತಲುಪಿತು. ಮ್ಯಾನೇಜರ್ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕ. ಅಲಂಕಾರ ಮಾಡುವವನನ್ನು ಕರೆದು ಓದಿ ಹೇಳಿದ. ಅವನೂ ನಕ್ಕ. ಡಬ್ಬಿ ತರುತ್ತಿದ್ದವರ ಫೋಟೋ ಇದೆಯೇ ಎಂದರು, ಒಂದು ಕೊಟ್ಟಿದ್ದೇನೆ. ನಿನ್ನದೂ ಕೊಟ್ಟಿದ್ದೇನೆ.

ಅಂಗಡಿ ಶುರುವಾಗುವುದು ಏಪ್ರಿಲ್ ಇಪ್ಪತ್ತಕ್ಕೆ, ಭಾನುವಾರ ಬೆಳಿಗ್ಗೆ. ಎಲ್ಲರನ್ನೂ ಕರೆದುಕೊಂಡು ಬಾ. ಮಗನಿಗೂ ಬಿಡುವು ಮಾಡಿಕೊಳ್ಳಲು ಹೇಳು. ಮೊಮ್ಮಗಳನ್ನು ಮರೆಯಬೇಡ. ಗೋಡೆಯ ಮುಂದೆ ನಿಂತು ಎಡಗಡೆಯದ್ದನ್ನೂ ಬಲಗಡೆಯದ್ದನ್ನೂ ಪೂರ್ತಿ ಓದಿ ಹೇಳು ಅವಳಿಗೆ.

ಅಕ್ಕ


29 ಏಪ್ರಿಲ್ 2003

ಪ್ರೀತಿಯ ಅಕ್ಕನಿಗೆ,

ಕ್ಷೇಮವಾಗಿ ಮನೆ ಸೇರಿದೆವು. ನೀನು ಯಾಕೆ ಹಾಗೆ ಮಾಡಿದೆ? ರಿಬ್ಬನ್ ಕತ್ತರಿಸುವ ಹೊತ್ತಿಗೆ ಕಿಂಡಿಯಲ್ಲಿದ್ದೆ, ತಿರುಗಿ ನೋಡಿದರೆ ನಾಪತ್ತೆ. ಕಿಂಡಿಯ ಮುಂದೆ ಚೀಲ ಹಿಡಿದುಕೊಂಡು ಇಪ್ಪತ್ತು ಜನ. "ಅಜ್ಜಿಗೆ ತಲೆ ಸುತ್ತಿತು" ಎಂದ ಮ್ಯಾನೇಜರ್. ಮನೆಗೆ ಬಂದು ಬಾಗಿಲು ಬಡಿದರೂ ತೆಗೆಯಲಿಲ್ಲ. ಕಿವಿ ಅಷ್ಟು ಮಂದವಾಯಿತೇ?

ಗೋಡೆ ಮಾತ್ರ ಭರ್ಜರಿ. ಎಡಗಡೆ ನನ್ನ ಬರಹ, ಬಲಗಡೆ ನಾನು ಮಷೀನಿನ ಪಕ್ಕ ನಿಂತ ಫೋಟೋ, ಆಳೆತ್ತರ. ಮಗ ಅಲ್ಲಿದ್ದವರಿಗೆಲ್ಲ "ನಮ್ಮಪ್ಪ, ಇಲ್ಲಿನ ಆಪರೇಟರ್" ಎಂದು ತಾನಾಗಿಯೇ ಹೇಳಿದ. ಐವತ್ತಾರು ವರ್ಷಕ್ಕೆ ಆ ಮಾತು ಕೇಳಿದೆ. ಕಣ್ಣು ಒದ್ದೆಯಾಯಿತು, ಸುಳ್ಳು ಯಾಕೆ ಹೇಳಲಿ.

ಬಾಲ್ಕನಿಯಲ್ಲಿ ಮಕ್ಕಳಿಗೆಂದು ಇಟ್ಟ ಆಟ ನೋಡಿದೆಯಾ? ಹಲಗೆಯಲ್ಲಿ ಕತ್ತರಿಸಿದ ಬೊಂಬೆ. ಸೈಕಲ್ಲಿನ ಮೇಲೆ ಡಬ್ಬಿ, ಕೈಯಲ್ಲಿ ಶೀಶೆ, ನಾಲಿಗೆ ಹೊರಗೆ. ಭಾವನ ಮುಖವನ್ನೇ ಬರೆದಿದ್ದಾನೆ! ಒಂದು ಕಣ್ಣು ಮುಚ್ಚಿ, ಕಣ್ಣು ಹೊಡೆಯುವ ಹಾಗೆ. ಮೂರು ಸ್ಪಂಜಿನ ಚೆಂಡು ಕೊಡುತ್ತಾರೆ, ಗುರಿ ತಾಗಿದರೆ ಬೊಂಬೆ ತಲೆಕೆಳಗಾಗುತ್ತದೆ. "ಉಲ್ಟಾ ರೀಲು" ಎಂದು ಮಕ್ಕಳೆಲ್ಲ ಒಟ್ಟಿಗೆ ಕೂಗಬೇಕು. ನಮ್ಮ ಮೊಮ್ಮಗಳು ಮೂರನ್ನೂ ಮೂಗಿಗೇ ಹೊಡೆದು ಪೆನ್ಸಿಲ್ ಡಬ್ಬಿ ಗೆದ್ದಳು. ನೀನು ನೋಡಬೇಕಿತ್ತು.

ನಾನು ಒಂದು ಅಂಗಿ ಹಾಕಿ ನೋಡಲು ನನ್ನ ಹಳೇ ಕ್ಯಾಬಿನ್ನಿಗೆ ಹೋಗಿದ್ದೆ. ಸರಿಯಾಗಿ ನೋಡಿಕೊಳ್ಳದೆ ತಂದುಬಿಟ್ಟೆ. ಇಲ್ಲಿ ಹಾಕಿದರೆ ಬಿಗಿ. ಸೊಸೆಯ ತವರು ನಿಮ್ಮೂರಿನಿಂದ ಎರಡು ಸ್ಟೇಷನ್ ಆಚೆಯಲ್ಲವೇ, ಮುಂದಿನ ಸಲ ಹೋಗುವಾಗ ಬದಲಾಯಿಸಿಕೊಂಡು ಬರುತ್ತಾಳಂತೆ.

ನಿನ್ನ ತಮ್ಮ


7 ಮೇ 2003

ತಮ್ಮನಿಗೆ,

ನನ್ನ ಕಿವಿ ಅಷ್ಟು ಮಂದವಾಗಿಲ್ಲ. ನೀನು ಬಾಗಿಲು ಬಡಿದದ್ದು ಕೇಳಿಸಿತು. ಹೊಸಿಲಿನ ಈಚೆ ನೆಲದ ಮೇಲೆ ಕೂತಿದ್ದೆ.

ಹಸಿರು ಪುಸ್ತಕಕ್ಕೆ ಗೆದ್ದಲು ಹಿಡಿದಿರಲಿಲ್ಲ. ಒಂದು ಹಾಳೆಯೂ ಹರಿದಿರಲಿಲ್ಲ. ನಿನಗೆ ಮೊದಲ ಕಾಗದ ಬರೆಯುವ ಹೊತ್ತಿಗೆ ಅದನ್ನು ನಾಲ್ಕು ಸಲ ಓದಿ ಮುಗಿಸಿದ್ದೆ. ಆ ದಿನದ ಸಾಲು, ನಿನ್ನ ಮುತ್ತಿನ ಅಕ್ಷರದಲ್ಲಿ, ಹೀಗಿದೆ: "8ನೇ ಡಬ್ಬಿ. 4 ಗಂಟೆ 10 ನಿಮಿಷ. ಕೆಂಪು ಬಟ್ಟೆ. ಸುತ್ತಬೇಕು." ಪಕ್ಕದಲ್ಲಿ ನಿನ್ನ ರುಜು. ಏಳನೇ ರೀಲು ಶುರು ಮಾಡಿದ್ದು 4.14ಕ್ಕೆ ಎಂದು ಅದರ ಕೆಳಗೆ ನೀನೇ ಬರೆದಿದ್ದೀಯ. ಎಂಟನೆಯದು ಬೇಕಾದದ್ದು ನಾಲ್ಕೂವರೆಗೆ. ಅವರು ಇಪ್ಪತ್ತು ನಿಮಿಷ ಮೊದಲೇ ಬಂದಿದ್ದರು.

ನಿಮ್ಮಿಬ್ಬರ ಪದ್ಧತಿ ನನಗೂ ಗೊತ್ತು, ನಮ್ಮ ಮನೆಯ ಊಟದ ಹೊತ್ತಿನ ಮಾತೇ ಅದಾಗಿತ್ತಲ್ಲ. ಆಚೆಯವರು ರೀಲು ಹಿಂದಕ್ಕೆ ಸುತ್ತದೆ ಹಾಗೇ ಕೊಟ್ಟರೆ ನಿನ್ನ ಭಾವ ಡಬ್ಬಿಯ ಹಿಡಿಗೆ ಕೆಂಪು ಬಟ್ಟೆ ಕಟ್ಟುತ್ತಿದ್ದರು. ಕೊಡುವಾಗ "ಸುತ್ತಬೇಕು" ಎಂದು ಬಾಯಿಬಿಟ್ಟು ಹೇಳುತ್ತಿದ್ದರು. ನೀನು "ಸುತ್ತಬೇಕು" ಎಂದು ತಿರುಗಿ ಹೇಳಿ ಬರೆದುಕೊಳ್ಳುವ ತನಕ ಡಬ್ಬಿ ಬಿಡುತ್ತಿರಲಿಲ್ಲ. ಆ ದಿನವೂ ನೀನು ಹೇಳಿದ್ದೀಯ. ಬರೆದಿದ್ದೀಯ.

ನಿನಗೆ ಎರಡು ಸಲ ದಾರಿ ಬಿಟ್ಟೆ. ಪುಸ್ತಕ ಇಲ್ಲವೆಂದು ತಿಳಿದರೆ ಏನು ಬರೆಯುತ್ತೀಯ ಎಂದು ನೋಡಬೇಕಿತ್ತು. ನೋಡಿದೆ. ನಿನ್ನ ಕಾಗದವನ್ನೂ ಪುಸ್ತಕವನ್ನೂ ಮ್ಯಾನೇಜರ್ ಕೈಯಲ್ಲಿಟ್ಟು, ಎಡಗಡೆ ಇದು, ಬಲಗಡೆ ಇದು, ಬೇರೆ ಏನೂ ಬರೆಯಬೇಡಿ ಎಂದೆ. ನಿನ್ನ ಮಗನ ಮುಂದೆ, ಮೊಮ್ಮಗಳ ಮುಂದೆ ನಿನ್ನ ಮುಖ ನೋಡುವ ಆಸೆಯಿತ್ತು ನನಗೆ. ಒಂದು ತಿಂಗಳು ಅದೊಂದೇ ಆಸೆಯಲ್ಲಿ ಉಂಡೆ, ಮಲಗಿದೆ.

ಆ ಬೆಳಿಗ್ಗೆ ಗೋಡೆ ನೋಡಿದರೆ ಬಲಗಡೆ ನಿನ್ನ ಫೋಟೋ. "ಅಜ್ಜಿ, ನಂಬರು ನಿಮಿಷ ಎಲ್ಲ ಯಾರು ಓದ್ತಾರೆ? ಆದ್ರೆ ಆ ಹ್ಯಾಂಡ್‌ರೈಟಿಂಗ್ ತುಂಬಾ ಚೆನ್ನಾಗಿತ್ತು, ವೇಸ್ಟ್ ಮಾಡಿಲ್ಲ" ಎಂದ ಮ್ಯಾನೇಜರ್. ಪುಸ್ತಕದ ಹಾಳೆಗಳ ಫೋಟೋ ತೆಗೆದು, ಬಣ್ಣ ಕೊಟ್ಟು, ಅಂದಕ್ಕೆಂದು ತಲೆಕೆಳಗು ಮಾಡಿ, ನಿನ್ನ ಕ್ಯಾಬಿನ್ನಿನಲ್ಲಿ ಮಾಡಿದ ಟ್ರಯಲ್ ರೂಮಿನ ಗೋಡೆಗೆಲ್ಲ ಅಂಟಿಸಿದ್ದಾರೆ. ಪುಸ್ತಕ ಎಲ್ಲಿ ಎಂದರೆ ಅಲಂಕಾರದವನು ಹಾಳೆ ಕತ್ತರಿಸಿದ ಮೇಲೆ ಬಿಸಾಡಿದನಂತೆ. ಆಮೇಲೆ ಬಾಲ್ಕನಿಗೆ ಹತ್ತಿದೆ. ಆ ಬೊಂಬೆಯ ಮುಖಕ್ಕೆ ಫೋಟೋ ಕೊಟ್ಟವಳು ನಾನು. ಮುಚ್ಚಿಹೋದ ಕಣ್ಣನ್ನು ಅವನು ಕಣ್ಣು ಹೊಡೆದದ್ದು ಎಂದುಕೊಂಡ.

ನೀನು ಆ ಟ್ರಯಲ್ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಿದ್ದೆ. ನಿನ್ನ ಅಕ್ಷರ ನಿನಗೆ ಕಾಣಲಿಲ್ಲವೇ? ಅಂಗಿ ಬಿಗಿ ಎಂದು ಗೊತ್ತಾಗದಷ್ಟು ಏನು ನೋಡುತ್ತಿದ್ದೆ?

ಇನ್ನೊಂದು ಮಾತಿದೆ, ಇದನ್ನು ಯಾರಿಗೂ ಹೇಳಿಲ್ಲ. ನಾನೂ ನಿನ್ನನ್ನೇ ನಂಬಿದ್ದೆ. ಕಟ್ಟು ಹಾಕಿದ ಕಣ್ಣಿನಲ್ಲಿ ಅವರು "ಕುಡಿದಿರಲಿಲ್ಲ ಕಣೇ, ಸುತ್ತಬೇಕು ಅಂತ ಹೇಳಿದ್ದೆ ಕಣೇ" ಎಂದಾಗ, ನನ್ನ ತಮ್ಮ ಸುಳ್ಳು ಹೇಳುವವನಲ್ಲ ಎಂದೆ. ಆಮೇಲೆ ಅವರು ಸೈಕಲ್ ಪಂಕ್ಚರ್ ಹಾಕಿಕೊಂಡು ಬದುಕಿದ ಹದಿನೆಂಟು ವರ್ಷವೂ, ಹೊರಗಿನಿಂದ ಬಂದಾಗಲೆಲ್ಲ, ಚಪ್ಪಲಿ ಬಿಡುವ ಮೊದಲು ಅವರ ಬಾಯಿ ಮೂಸಿ ನೋಡಿ ಒಳಗೆ ಬಿಟ್ಟಿದ್ದೇನೆ. ಒಂದು ದಿನವೂ ವಾಸನೆ ಸಿಗಲಿಲ್ಲ. ಆದರೂ ಬಿಡಲಿಲ್ಲ.

ಮ್ಯಾನೇಜರ್ ಒಂದು ಮಾತು ಹೇಳಿದ್ದಾನೆ. "ಬರೆದೋರೇ ತಪ್ಪು ಅಂತ ಬರೆದುಕೊಟ್ರೆ ಬೊಂಬೆ ತೆಗೆಸ್ತೀನಿ." ಎರಡು ಸಾಲು ಬರೆದು ಅಂಗಡಿಯ ವಿಳಾಸಕ್ಕೆ ಹಾಕು. ನಿನ್ನ ಫೋಟೋ ಬೇಕಾದರೆ ಅಲ್ಲೇ ಇರಲಿ. ಬೊಂಬೆ ಇಳಿಯಲಿ ಸಾಕು. ಕೈ ಮುಗಿದು ಕೇಳುತ್ತಿದ್ದೇನೆ.

ಅಕ್ಕ


24 ಮೇ 2003

ಅಕ್ಕನಿಗೆ,

ನಿನ್ನ ಕಾಗದವನ್ನು ಬಚ್ಚಲಿನ ಬಾಗಿಲು ಹಾಕಿಕೊಂಡು ಓದಿದೆ. ನಮ್ಮ ಮನೆಯಲ್ಲಿ ಚಿಲಕ ಇರುವುದು ಅಲ್ಲಿ ಮಾತ್ರ.

ಹೌದು, ಟ್ರಯಲ್ ರೂಮಿನಲ್ಲಿ ನನ್ನ ಅಕ್ಷರ ಕಂಡಿತು. ಕತ್ತು ಓರೆ ಮಾಡಿ ಸಾಲು ಸಾಲು ಹುಡುಕಿದೆ. ಆ ದಿನದ ಎಂಟನೇ ಡಬ್ಬಿಯ ಸಾಲು ಅಲ್ಲಿ ಇರಲಿಲ್ಲ. ಬಚಾವಾದೆ ಎಂದುಕೊಂಡು ಹೊರಗೆ ಬಂದೆ.

ಹೌದು, ಭಾವ ಹೇಳಿದ್ದರು. ನಾನೂ ತಿರುಗಿ ಹೇಳಿದ್ದೆ. ಮಾಲೀಕರ ರೂಮಿನಲ್ಲಿ ರೇಡಿಯೋ ಹಾಕಿತ್ತು, ಪಂದ್ಯ ಕೊನೆಗೆ ಬಂದಿತ್ತು. ಎಂಟನ್ನು ಆಮೇಲೆ ಸುತ್ತಿದರಾಯಿತು ಎಂದು ಕೆಳಗೆ ಹೋದೆ. ಏಳು ಮುಗಿಯುವ ಹೊತ್ತಿಗೆ ಓಡಿ ಬಂದು, ಎಂಟನ್ನು ಹಾಗೇ ಏರಿಸಿ, ಬೆಳಕು ಬಿಟ್ಟು ಮತ್ತೆ ಓಡಿದೆ. ಗಲಾಟೆ ಕೇಳಿದಾಗ ಬೀದಿಯವರು ಪಂದ್ಯ ಗೆದ್ದದ್ದಕ್ಕೆ ಕೂಗುತ್ತಿದ್ದಾರೆ ಎಂದು ನಾನೂ ಮಾಲೀಕರೂ ಕೈ ಕುಲುಕಿದೆವು. ನಾಲ್ಕು ನಿಮಿಷ ಓಡಿತ್ತು ಅದು. ಬಾಗಿಲು ತೆಗೆದರೆ ಜನ ಕುರ್ಚಿ ಮುರಿಯುತ್ತಿದ್ದರು. "ಯಾರ ಮೇಲೆ ಗೂಬೆ ಕೂರಿಸೋಣ, ಬೇಗ ಹೇಳು" ಎಂದರು ಮಾಲೀಕರು. ತಡವಾಗಿ ಬಂದ ಎಂದವನು ನಾನು, ಕುಡಿದಿದ್ದ ಎಂದು ಸೇರಿಸಿದವರು ಅವರು. ಮನೆಯಲ್ಲಿ ಆರು ವರ್ಷದ ಮಗ ಇದ್ದ ನನಗೆ. ಕಣ್ಣು ಹೋಗುತ್ತದೆ ಎಂದು ಯಾರು ಕಂಡಿದ್ದರು?

ಎಲ್ಲ ಹೇಳಿದೆಯಲ್ಲ, ನಾನೂ ಒಂದು ಹೇಳುತ್ತೇನೆ. ಆಸ್ಪತ್ರೆಯಿಂದ ಬಂದ ಮೇಲೆ ಭಾವ ಒಂದು ದಿನ ಕ್ಯಾಬಿನ್ ಮೆಟ್ಟಿಲ ಮೇಲೆ ಬಂದು ಕೂತರು. ಹೊಡೆಯಲು ಬಂದರು ಎಂದುಕೊಂಡೆ. "ಊರಿಗೆ ಏನು ಬೇಕಾದ್ರೂ ಹೇಳ್ಕೋ. ನಿಮ್ಮಕ್ಕನಿಗೊಬ್ಬಳಿಗೆ ನಿಜ ಹೇಳಪ್ಪ. ಅವಳು ನನ್ನ ಬಾಯಿ ಮೂಸಿ ನೋಡ್ತಾಳೆ" ಎಂದರು. ಆಯಿತು ಭಾವ ಎಂದೆ. ಮತ್ತೆ ಎರಡು ಸಲ ಬಂದು ಕೇಳಿದರು, "ಹೇಳಿದ್ಯಾ?" ಹೇಳಿದೆ, ಅವಳು ನಂಬುತ್ತಿಲ್ಲ ಎಂದುಬಿಟ್ಟೆ. ಆಮೇಲೆ ಅವರು ಬರಲಿಲ್ಲ.

ಹಾಗಾಗಿ ಬರೀ ನನ್ನ ಕಡೆ ಬೆರಳು ತೋರಿಸಬೇಡ. ನಾನು ಸುಳ್ಳು ಹೇಳಿದ್ದು ಒಂದು ಮಧ್ಯಾಹ್ನ. ನೀನು ಒಂದೇ ಮನೆಯಲ್ಲಿದ್ದು, ಮೂಗಿಗೆ ಏನೂ ಸಿಗದಿದ್ದರೂ, ಹದಿನೆಂಟು ವರ್ಷ ಅದನ್ನು ನಂಬಿದೆ. ಯಾರ ತಪ್ಪು ದೊಡ್ಡದು, ನೀನೇ ಹೇಳು.

ಅಂಗಡಿಗೆ ನಾನು ಬರೆಯುವುದಿಲ್ಲ. ಮಗ ಈಗ ಎಲ್ಲರ ಹತ್ತಿರವೂ ನನ್ನ ವಿಷಯ ಹೇಳುತ್ತಾನೆ. ರಜೆ ಮುಗಿದ ಕೂಡಲೇ ಸ್ಕೂಲಿಗೆ ಒಯ್ಯಲು ಮೊಮ್ಮಗಳು ಆ ಗೋಡೆಯ ಫೋಟೋ ಎತ್ತಿಟ್ಟುಕೊಂಡಿದ್ದಾಳೆ. ಸತ್ತವರಿಗೆ ಸ್ಪಂಜಿನ ಚೆಂಡು ತಾಗುವುದಿಲ್ಲ ಅಕ್ಕ. ನನಗೆ ತಾಗುತ್ತದೆ. ಈ ಕಾಗದ ಓದಿ ಹರಿದುಹಾಕು.

ತಮ್ಮ


19 ಜೂನ್ 2003

ಆಪರೇಟರಿಗೆ,

ಹರಿದುಹಾಕಿಲ್ಲ. ಮೊದಲು ಮ್ಯಾನೇಜರಿಗೆ ತೋರಿಸಿದೆ. ನಿಂತುಕೊಂಡೇ ಪೂರ್ತಿ ಓದಿದ. "ಅಯ್ಯೋ ಪಾಪ" ಎಂದ. ಆಮೇಲೆ, "ಆದ್ರೆ ಅಜ್ಜಿ, ಭಾನುವಾರ ಬಾಲ್ಕನಿಗೆ ಜನ ಬರೋದೇ ಆ ಬೊಂಬೆಗೆ. ಈ ಸೀಸನ್ ಮುಗೀಲಿ, ನೋಡೋಣ" ಎಂದ. ಕೊಟ್ಟ ಮಾತು ನೆನಪಿಸಿದರೆ ನಕ್ಕ.

ನಿನ್ನ ಪ್ರಶ್ನೆಗೆ ಉತ್ತರ ಯೋಚಿಸಲು ಇಷ್ಟು ದಿನ ಬೇಕಾಯಿತು. ನನ್ನ ತಪ್ಪೇ ದೊಡ್ಡದು. ಅವರು ನಿನ್ನ ಹತ್ತಿರ ಮೂರು ಸಲ ಬಂದು ಕೇಳಿದ್ದು ನಾನು ನಂಬಲಿ ಎಂದು. ಅವಳು ನಂಬುತ್ತಿಲ್ಲ ಎಂದು ನೀನು ಹೇಳಿದ್ದು ಸುಳ್ಳು, ಆದರೆ ನೀನು ನಿಜ ಹೇಳಿದ್ದರೂ ನಾನು ಏನು ಮಾಡುತ್ತಿದ್ದೆನೋ ನನಗೇ ಗೊತ್ತಿಲ್ಲ. ಅದು ನನ್ನನ್ನು ಬಿಟ್ಟುಹೋಗುವುದಿಲ್ಲ, ಹೋಗಲೂಬಾರದು.

ಬೊಂಬೆ ಇಳಿಸುವುದು ನನ್ನ ಕೈಲಾಗಲಿಲ್ಲ. ಹಾಗಾಗಿ ಕಿಂಡಿ ಬಿಟ್ಟು ಬಾಲ್ಕನಿಗೆ ಹಾಕಿಸಿಕೊಂಡೆ. ಈಗ ಚೆಂಡು ಕೊಡುವವಳು ನಾನೇ, ಎಸೆದದ್ದನ್ನು ಆರಿಸಿ ತರುವವಳೂ ನಾನೇ. ಮೊಣಕಾಲು ದಿನಕ್ಕೆ ನೂರು ಸಲ ಬಗ್ಗುತ್ತದೆ, ಬಗ್ಗಲಿ. ಚೆಂಡು ಕೊಡುವ ಮೊದಲು ಒಂದೊಂದು ಮಗುವಿಗೂ ಒಂದು ನಿಮಿಷದ ಕಥೆ ಹೇಳುತ್ತೇನೆ. ಇವರು ಹೊತ್ತಿಗೆ ಮೊದಲೇ ಬಂದಿದ್ದರು, ಕೆಂಪು ಬಟ್ಟೆ ಕಟ್ಟಿದ್ದರು, ಸುತ್ತಬೇಕು ಎಂದು ಹೇಳಿದ್ದರು. ಕೆಳಗೆ ಗೋಡೆಯ ಮೇಲೆ ಆಳೆತ್ತರ ನಿಂತಿದ್ದಾನಲ್ಲ, ಸುತ್ತದವನು ಅವನು. ನಂಬದವಳು ನಾನು. ಕೆಲವರು ಕೇಳಿಸಿಕೊಂಡೂ ಎಸೆಯುತ್ತಾರೆ. ಕೆಲವರು ಚೆಂಡು ವಾಪಸ್ ಇಟ್ಟು ಹೋಗುತ್ತಾರೆ. ಕೆಲವರು ಕೆಳಗೆ ಹೋಗಿ ನಿನ್ನ ಫೋಟೋ ನೋಡಿಕೊಂಡು ಮತ್ತೆ ಹತ್ತಿ ಬರುತ್ತಾರೆ.

ನಿನ್ನೆ ಸೊಸೆ ತವರಿನಿಂದ ಹಿಂದಿರುಗುವಾಗ ನಿನ್ನ ಬಿಗಿ ಅಂಗಿ ಬದಲಾಯಿಸಲು ಬಂದಿದ್ದಳು. ಜೊತೆಗೆ ಮೊಮ್ಮಗಳು. ಅಂದು ಕಿಂಡಿಯೊಳಗೆ ಒಮ್ಮೆ ನೋಡಿದ ನನ್ನನ್ನು ಮರೆತಿರಲಿಲ್ಲ. "ದೊಡ್ಡಜ್ಜಿ, ಈ ಸಲ ನೀನು ಚೆಂಡಿನ ಅಜ್ಜಿನಾ? ನಂಗೆ ಮೂರು ಕೊಡು" ಎಂದು ಓಡಿ ಬಂತು. ಎಲ್ಲ ಮಕ್ಕಳಿಗೂ ಹೇಳುವುದನ್ನೇ ಅವಳಿಗೂ ಹೇಳಿದೆ. ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ. ಬಿಟ್ಟುಬಿಡಬಹುದಿತ್ತು. ಎಂಟು ವರ್ಷದ ಮಗು, ಬಿಡಬೇಕಿತ್ತೋ ಏನೋ. ಬಿಡಲಿಲ್ಲ. ಸೊಸೆ "ಏನು ದೊಡ್ಡತ್ತೆ ಇದು?" ಎಂದಳು. ನಿನ್ನ ಕಾಗದ ನನ್ನ ಸೊಂಟದಲ್ಲೇ ಇತ್ತು. ಕೈಗೆ ಕೊಟ್ಟೆ. ಎರಡು ಸಲ ಓದಿ, ಮಡಚಿ, ತನ್ನ ಚೀಲದಲ್ಲಿಟ್ಟುಕೊಂಡಳು. ಅಂಗಿ ಬದಲಾಯಿಸಿಕೊಳ್ಳಲಿಲ್ಲ.

ಮೊಮ್ಮಗಳು ಮೂರು ಚೆಂಡನ್ನೂ ಹಿಡಿದುಕೊಂಡು ಸುತ್ತಲೂ ನೋಡಿತು. ಆಮೇಲೆ ನನ್ನ ಸೆರಗು ಎಳೆದು ಕೇಳಿತು.

"ಹಾಗಾದ್ರೆ ತಾತನ ಬೊಂಬೆ ಎಲ್ಲಿ?"

"ಇಲ್ಲಿಲ್ಲ ಪುಟ್ಟಿ, ನಿಮ್ಮ ಮನೇಲಿದೆ" ಎಂದೆ. ಚೆಂಡುಗಳನ್ನು ವಾಪಸ್ ಕೇಳಲಿಲ್ಲ. ಸಂಜೆಯ ರೈಲಿಗೆ ಹೊರಟರು. ಈ ಕಾಗದಕ್ಕಿಂತ ಮೊದಲೇ ಅವರು ನಿನ್ನನ್ನು ತಲುಪಿರುತ್ತಾರೆ.

ಅಕ್ಕ